ಆಶೀರ್ವಾದವೇ ಉಡುಗೊರೆ, ಮುಯ್ಯಿಯ ಲೆಕ್ಕವೇ ಬೇರೆ

ಮದುವೆಯ ಕರೆಯೋಲೆಯ ಕೊನೆಯಲ್ಲಿ, ಸುಖಾಗಮನ ಬಯಸುವ ಬಂಧುಗಳ ಉದ್ದನೆಯ ಪಟ್ಟಿಯ ಕೆಳಗೆ, 'ಆಶೀರ್ವಾದವೇ ಉಡುಗೊರೆ' ಎಂಬ ಪುಟ್ಟ ಸಾಲೊಂದು ಅಚ್ಚಾಗತೊಡಗಿ ಬಹಳ ಕಾಲವಾಯಿತು. ಅದನ್ನು ಅಕ್ಷರಶಃ ತೆಗೆದುಕೊಂಡವರು ಕಡಿಮೆ. ಕರೆಯೋಲೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೊರಟವರು ದಾರಿಯಲ್ಲಿ ಅಂಗಡಿಯೊಂದರ ಮುಂದೆ ನಿಂತು, ಒಂದು ರೂಪಾಯಿ ನಾಣ್ಯ ಅಂಟಿಸಿದ ಬಣ್ಣದ ಕವರು ಕೊಂಡು, ಒಳಗೆ ಐನೂರರ ನೋಟಿಟ್ಟು, ಮೇಲೆ ಹೆಸರು ಬರೆದೇ ಛತ್ರದ ಮೆಟ್ಟಿಲು ಹತ್ತುತ್ತಾರೆ. ಇದು ಬೇಡವೆಂದವರಿಗೂ ಗೊತ್ತು, ಕೊಡುವವರಿಗೂ ಗೊತ್ತು. ಎರಡೂ ಕಡೆಯವರು ತಿಳಿದೇ ಆಡುವ ಇಂಥ ಮಾತಿನಿಂದ ಯಾರ ಮನಸ್ಸೂ ನೋಯುತ್ತಿರಲಿಲ್ಲ.

ಮದುವೆ ಊರು ಬಿಟ್ಟು ಸಮುದ್ರದ ದಂಡೆಗೆ ಹೋದ ಮೇಲೆ ಆ ಸಾಲಿಗೆ ಬೇರೆಯೇ ಅರ್ಥ ಬಂದಿತು.

ನನಗೆ ಹತ್ತಿರದಿಂದ ಗೊತ್ತಿರುವ ಮನೆಯೊಂದರ ಸಂಗತಿ. ಮಂಡ್ಯ ಕಡೆಯ ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಕುಟುಂಬ. ತಂದೆ ನಿವೃತ್ತ ಮೇಷ್ಟರು, ಮಗ ಸಾಫ್ಟ್‌ವೇರ್ ಉದ್ಯೋಗಿ. 2025ರಲ್ಲಿ ಮಗನ ಮದುವೆ ಗೋವಾದ ಒಂದು ರೆಸಾರ್ಟಿನಲ್ಲಿ ನಡೆಯಿತು. ಎರಡೂ ಕಡೆಯಿಂದ ಸೇರಿ ತೊಂಬತ್ತು ಜನ. ಎರಡು ರಾತ್ರಿಯ ವಸತಿ ಮತ್ತು ಊಟ ಮದುವೆ ಮನೆಯವರದು. ಹೋಗಿಬರುವ ಖರ್ಚು ಬಂದವರದು. ಕರೆಯೋಲೆ ಕಾಗದದಲ್ಲಿರಲಿಲ್ಲ, ಮೊಬೈಲಿಗೆ ಬಂದಿತ್ತು. ಅದರ ಕೊನೆಯಲ್ಲೂ ಆ ಸಾಲಿತ್ತು. ಮದುವೆ ಚೆನ್ನಾಗಿಯೇ ಆಯಿತು. ಜಗಳ ಶುರುವಾದದ್ದು ಆಮೇಲೆ; ಅದೂ ಒಂದಲ್ಲ, ಮೂರು.

ಹುಡುಗನ ಸೋದರಮಾವ ಹೆಂಡತಿ ಮಕ್ಕಳೊಂದಿಗೆ ನಾಲ್ಕು ಜನ ವಿಮಾನದಲ್ಲಿ ಹೋಗಿದ್ದರು. ಅಷ್ಟು ಸಾಲದೆಂದು ಉಂಗುರ, ಸೀರೆ, ಪಂಚೆಯನ್ನೂ ಒಯ್ದಿದ್ದರು. ಟಿಕೆಟ್ಟಿಗೇ ಇಷ್ಟು ಸುರಿದ ಮೇಲೆ ಉಡುಗೊರೆ ಏತಕ್ಕೆ, ಬೇಡವೆಂದು ಅವರೇ ಹೇಳಿದ್ದಾರಲ್ಲ ಎಂದು ಅವರ ಮಗಳು ವಾದಿಸಿದಳು. ಬರಿಗೈಯಲ್ಲಿ ಅಕ್ಕನ ಮಗನ ಮುಂದೆ ನಿಲ್ಲಲೇ ಎಂದು ಅವರು ಕೇಳಿದರು. ಇದು ಮೊದಲನೆಯದು. ಎರಡನೆಯದು ತಂದೆ ಮಗನ ನಡುವೆ. ಬೇಡವೆಂದರೂ ಬಂದ ಹಣವೆಲ್ಲ ಮೊಬೈಲಿನ ಮೂಲಕ ಮಗನ ಖಾತೆಗೆ ಹೋಗಿತ್ತು. ಮೂವತ್ತು ವರ್ಷ ಬಂಧುಬಳಗದ ಮದುವೆಗಳಿಗೆಲ್ಲ ಮುಯ್ಯಿ ಹಾಕಿದವರು ತಂದೆ. ಮೂರನೆಯದು ಮೇಷ್ಟರ ತಂಗಿಯದು. ಆಕೆಯ ಹೆಸರು ತೊಂಬತ್ತು ಜನರ ಪಟ್ಟಿಯಲ್ಲಿತ್ತು, ಮಂಡಿನೋವಿನಿಂದ ಹೋಗಲಾಗಲಿಲ್ಲ. ತಿಂಗಳು ಕಳೆದ ಮೇಲೆ ಕವರು ಹಿಡಿದು ಅಣ್ಣನ ಮನೆಗೆ ಬಂದರೆ, ಸೋದರಳಿಯ ನಯವಾಗಿ, "ಬೇಡ ಅತ್ತೆ, ನಾವು ಯಾರಿಂದಲೂ ತಗೊಳ್ತಿಲ್ಲ" ಎಂದುಬಿಟ್ಟ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆಕೆ ಕಣ್ಣೀರು ಹಾಕಿಕೊಂಡು ಹೋದರು.

ಮೊದಲ ಎರಡು ಜಗಳ ಯಾರಿಗಾದರೂ ಅರ್ಥವಾಗುತ್ತವೆ. ಮೂರನೆಯದು ಆ ಹುಡುಗನಿಗೆ ಅರ್ಥವಾಗಲಿಲ್ಲ. ದುಡ್ಡು ಬೇಡವೆಂದರೆ ಯಾರಾದರೂ ಅಳುವುದುಂಟೆ? ಇದಕ್ಕೆ ಉತ್ತರ ಬೇಕಾದರೆ ಮುಯ್ಯಿ ಎಂಬ ಪದ್ಧತಿಯ ಒಳಹೊಕ್ಕು ನೋಡಬೇಕಾಗುತ್ತದೆ.

ಉಡುಗೊರೆ ಮತ್ತು ಮುಯ್ಯಿ ಎರಡನ್ನೂ ನಾವೀಗ ಒಂದೇ ಎಂಬಂತೆ ಬಳಸುತ್ತೇವೆ. ಆದರೆ ಅವು ಒಂದಲ್ಲ. ಉಡುಗೊರೆ ಎಂಬ ಮಾತಿನಲ್ಲಿ ಉಡುವ ಬಟ್ಟೆಯ ನೆನಪಿದೆ. ಅದು ಪ್ರೀತಿಯಿಂದ, ಗೌರವದಿಂದ ಕೊಡುವ ವಸ್ತು. ಹಿಂತಿರುಗಿ ಬರಬೇಕೆಂಬ ನಿಯಮವಿಲ್ಲ. ಮುಯ್ಯಿ ಎಂದರೆ ಹಿಂದಿರುಗಿಸಬೇಕಾದದ್ದು. ಹಳೆಯ ಮೈಸೂರಿನ ರೈತರಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಮಾತೇ ಇಲ್ಲ, ಆಳಿಗೆ ಆಳು. ಮದುವೆಯ ಮುಯ್ಯಿಯೂ ಇದೇ ತತ್ವದ್ದು. ಇನ್ನೂ ಸ್ವಾರಸ್ಯವೆಂದರೆ, ಕನ್ನಡದಲ್ಲಿ ಸೇಡಿಗೂ ಇದೇ ಶಬ್ದ. 'ಮುಯ್ಯಿ ತೀರಿಸಿಕೊಂಡ' ಎಂದರೆ ಹಗೆ ಸಾಧಿಸಿದ ಎಂದರ್ಥ. ಒಳಿತಾಗಲಿ ಕೆಡುಕಾಗಲಿ, ಪಡೆದದ್ದನ್ನು ಹಿಂದಿರುಗಿಸದೆ ಇರುವಂತಿಲ್ಲ ಎಂಬ ಒಂದೇ ಕಟ್ಟಳೆ ಎರಡರ ಹಿಂದೆಯೂ ಇದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ಕೊಡುಗೆಯನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧವನ್ನು 1925ರಲ್ಲಿ ಪ್ರಕಟಿಸಿದ. ಕೊಡುವುದು, ಕೊಟ್ಟದ್ದನ್ನು ಸ್ವೀಕರಿಸುವುದು, ಹಿಂದಿರುಗಿಸುವುದು, ಈ ಮೂರೂ ಕಡ್ಡಾಯ ಎಂದು ಅನೇಕ ಸಮಾಜಗಳ ಉದಾಹರಣೆ ಕೊಟ್ಟು ತೋರಿಸಿದ. ಉಡುಗೊರೆಗಿರುವ 'ಗಿಫ್ಟ್' ಎಂಬ ಶಬ್ದಕ್ಕೆ ಜರ್ಮನ್ ಭಾಷೆಯಲ್ಲಿ ವಿಷ ಎಂಬ ಅರ್ಥವಿರುವುದು ಅವನ ಕುತೂಹಲ ಕೆರಳಿಸಿತ್ತು. ನಮ್ಮ ಮುಯ್ಯಿಯ ಎರಡು ಅರ್ಥಗಳು ಅವನಿಗೆ ಗೊತ್ತಿದ್ದರೆ ಇನ್ನೊಂದು ಪುಟ ಬರೆಯುತ್ತಿದ್ದನೋ ಏನೋ.

ಈಗಲೂ ಹಳ್ಳಿಯ ಮದುವೆಗೆ ಹೋದವರು ಆ ದೃಶ್ಯವನ್ನು ನೋಡಬಹುದು. ಧಾರೆಯಾದ ಮೇಲೆ ಚಪ್ಪರದ ಒಂದು ಮೂಲೆಯಲ್ಲಿ ಸಣ್ಣ ಮೇಜು, ಅದರ ಮೇಲೆ ಒಂದು ತಟ್ಟೆ, ಅರಿಶಿನ ಕುಂಕುಮ ಹಚ್ಚಿದ ಉದ್ದನೆಯ ಲೆಕ್ಕದ ಪುಸ್ತಕ. ಬರೆಯಲು ಕೂರುವವನು ಅಕ್ಷರ ಚೆನ್ನಾಗಿರುವ, ಕೈ ಶುದ್ಧವಾಗಿರುವ ನಂಟ. ಪಕ್ಕದಲ್ಲಿ ಹಣ ಎಣಿಸಿ ಚೀಲಕ್ಕೆ ಹಾಕಲು ಇನ್ನೊಬ್ಬ. ಊರು, ಹೆಸರು, ತಂದೆಯ ಹೆಸರು, ಮೊತ್ತ. ಒಂದೇ ಹೆಸರಿನವರು ಊರಿಗೆ ನಾಲ್ವರಿರುವುದರಿಂದ 'ಕೆರೆ ಏರಿ ಮನೆಯವರು', 'ಅಂಗಡಿಯವರ ಅಳಿಯ' ಎಂಬ ಗುರುತುಗಳೂ ಉಂಟು. ನೋಟಿನ ಕಾಲ ಬರುವುದಕ್ಕೆ ಮುಂಚೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಕುಂಬಳಕಾಯಿ, ಗಾಡಿ ಸೌದೆ ಎಲ್ಲವೂ ಮುಯ್ಯಿಯ ರೂಪದಲ್ಲಿಯೇ ಬರುತ್ತಿದ್ದವು. ಒಂದು ಮನೆಯ ಕಣಜದಿಂದ ಐನೂರು ಎಲೆ ಊಟ ಹಾಕುವುದು ಸಾಧ್ಯವಿರಲಿಲ್ಲ. ಐವತ್ತು ಮನೆ ಸೇರಿದರೆ ಸಾಧ್ಯವಿತ್ತು.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಆಯೇರಿ ಎಂದು ಹೆಸರು. ಮರಾಠಿಯ 'ಆಹೇರ್' ಇದರ ದಾಯಾದಿ. ಅಲ್ಲಿ ಹಣಕ್ಕಿಂತ ಬಟ್ಟೆಗೆ ಪ್ರಾಶಸ್ತ್ಯ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಧೋತರ, ಟವೆಲ್ಲು. ಯಾರಿಂದ ಯಾರಿಗೆ ಎಂದು ಕೂಗಿ ಹೇಳಿ ಮಾಡುವ ಆಯೇರಿಯಲ್ಲಿ ಮರೆಮಾಚುವುದೇನೂ ಇಲ್ಲ. ಕೊಡವರ ಮದುವೆಯಲ್ಲಿ ಪುರೋಹಿತರ ಮಂತ್ರವಿಲ್ಲ. ಹಿರಿಯರು, ನೆಂಟರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ, ಕೈಗೆ ಹಣವಿಟ್ಟು ಹರಸುತ್ತಾರೆ. ಅಲ್ಲಿ ಆಶೀರ್ವಾದ ಬೇರೆ, ಉಡುಗೊರೆ ಬೇರೆ ಎಂದು ಬಿಡಿಸಲು ಬರುವುದೇ ಇಲ್ಲ. ಎರಡೂ ಒಂದೇ ಕ್ರಿಯೆ. ಇಂದು ಅದೇ ಕೊಡಗಿನ ರೆಸಾರ್ಟುಗಳಿಗೆ ಹೊರಗಿನ ಊರುಗಳಿಂದ ಬರುವ ಮದುವೆಯವರು 'ಆಶೀರ್ವಾದ ಮಾತ್ರ ಸಾಕು' ಎಂದು ಅಚ್ಚು ಹಾಕಿಸಿಕೊಂಡು ಬರುತ್ತಾರೆ.

ಮುಯ್ಯಿಯನ್ನು ಬಡ್ಡಿಯಿಲ್ಲದ ಸಾಲವೆಂದು ಹೇಳುವುದುಂಟು. ಅರ್ಧ ಸತ್ಯ. ಮದುವೆಯ ಮಾರನೆಯ ದಿನ ಅಡುಗೆಯವರಿಗೆ, ಶಾಮಿಯಾನದವರಿಗೆ, ವಾಲಗದವರಿಗೆ ಬಾಕಿ ಚುಕ್ತಾ ಮಾಡಿದ್ದು ಹಿಂದಿನ ದಿನದ ಮುಯ್ಯಿಯ ಚೀಲದಿಂದ ಎಂಬುದು ಎಷ್ಟೋ ಮನೆಗಳ ಅನುಭವ. ಲೇವಾದೇವಿಯವನ ಮನೆ ಬಾಗಿಲಿಗೆ ಹೋಗುವುದನ್ನು ಅದು ತಪ್ಪಿಸಿದೆ. ತಮಿಳುನಾಡಿನಲ್ಲಿ ಇದೇ ಪದ್ಧತಿಗೆ 'ಮೊಯ್' ಎಂದು ಹೆಸರು. ಪುದುಕೋಟೆ, ತಂಜಾವೂರು ಜಿಲ್ಲೆಗಳ ಕೆಲವು ಊರುಗಳಲ್ಲಿ ಮದುವೆಯ ನೆಪವೂ ಇಲ್ಲದೆ, ಮೊಯ್‌ಗಾಗಿಯೇ ಔತಣ ಏರ್ಪಡಿಸಿ ಲಕ್ಷಗಟ್ಟಲೆ ಎತ್ತುವುದು ಬೆಳೆದುಬಂದಿದೆ. ಆ ಹಣದಲ್ಲಿ ಅಂಗಡಿ ತೆರೆದವರಿದ್ದಾರೆ, ಬಾವಿ ತೋಡಿಸಿದವರಿದ್ದಾರೆ.

ಆದರೆ ಸಾಲಕ್ಕೂ ಮುಯ್ಯಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸಾಲ ತೀರಿದರೆ ಸಂಬಂಧ ಮುಗಿಯಿತು. ಮುಯ್ಯಿ ಪೂರ್ತಿ ತೀರಕೂಡದು. ಪಶ್ಚಿಮ ಪಂಜಾಬಿನ ಹಳ್ಳಿಯೊಂದರಲ್ಲಿದ್ದು ಅಧ್ಯಯನ ಮಾಡಿದ ಝೆಕಿಯೆ ಎಗ್ಲಾರ್ ಎಂಬ ವಿದುಷಿ 1960ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಲ್ಲಿಯ 'ವರ್ತನ್ ಭಾಂಜಿ' ಎಂಬ ಕೊಡುಕೊಳೆಯನ್ನು ವಿವರವಾಗಿ ವರ್ಣಿಸಿದ್ದಾರೆ. ಪಡೆದಷ್ಟನ್ನೇ ಸರಿಯಾಗಿ ಹಿಂದಿರುಗಿಸಿದರೆ ಸಂಬಂಧ ಕಡಿದುಕೊಂಡಂತೆ. ಸ್ವಲ್ಪ ಹೆಚ್ಚಿಗೆ ಕೊಡಬೇಕು. ಆಗ ಆ ಹೆಚ್ಚುವರಿ ಹೊಸ ಬಾಕಿಯಾಗಿ ಎದುರು ಮನೆಯಲ್ಲಿ ಉಳಿಯುತ್ತದೆ, ಕೊಡುಕೊಳೆ ಮುಂದುವರಿಯುತ್ತದೆ. ನಮ್ಮಲ್ಲಿ ಇದನ್ನು ಯಾರೂ ಪುಸ್ತಕದಲ್ಲಿ ಬರೆದಿಡದಿದ್ದರೂ ಪಾಲಿಸುತ್ತ ಬಂದಿದ್ದೇವೆ. ಐವತ್ತೊಂದು ಹಾಕಿದವರಿಗೆ ಐವತ್ತೊಂದನ್ನೇ ಹಿಂದಿರುಗಿಸಿದರೆ ಅದೇನು ಮುಖಕ್ಕೆ ಎಸೆದಂತೆ ಎನ್ನುವ ಅಜ್ಜಿಯರು ಎಲ್ಲ ಮನೆಗಳಲ್ಲೂ ಇದ್ದರು. ಕವರಿನ ಮೇಲೆ ಅಂಟಿಸಿದ ಒಂದು ರೂಪಾಯಿ ನಾಣ್ಯದ ವಿಚಾರವೂ ಇದೇ ಜಾತಿಯದು. ದುಂಡು ಮೊತ್ತ ಮುಗಿದುಹೋದ ಲೆಕ್ಕದಂತೆ ಕಾಣುತ್ತದೆ, ಮೇಲಿನ ಒಂದು ರೂಪಾಯಿ ಲೆಕ್ಕವನ್ನು ಮುಂದಕ್ಕೆ ತಳ್ಳುತ್ತದೆ. ಶುಭಸೂಚಕವೆಂದು ಹೇಳುವುದು ಇದನ್ನೇ.

ಇದರಲ್ಲಿ ಒಂದು ತೊಡಕೂ ಇದೆ. ರೂಪಾಯಿಯ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ. 1996ರಲ್ಲಿ ಹತ್ತು ಗ್ರಾಂ ಚಿನ್ನ ಐದು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. 2025ರಲ್ಲಿ ಅದು ಒಂದು ಲಕ್ಷ ದಾಟಿತು. ಆ ಕಾಲದಲ್ಲಿ ನೂರೊಂದು ಹಾಕಿಸಿಕೊಂಡವರು ಈಗ ಎಷ್ಟು ಹಾಕಬೇಕು? ಇನ್ನೂರೊಂದು ಹಾಕಿ ದುಪ್ಪಟ್ಟು ಕೊಟ್ಟೆನೆಂದು ಬೀಗುವವರೂ ಇದ್ದಾರೆ. ಪುಸ್ತಕದಲ್ಲಿ ಸಂಖ್ಯೆ ಇರುತ್ತದೆಯೇ ಹೊರತು ಕಾಲದ ಬೆಲೆ ಇರುವುದಿಲ್ಲ. ಹಾಗಾಗಿ ಪ್ರತಿ ಸಲವೂ ಮನೆಯ ಹೆಂಗಸರು ಕುಳಿತು ಬಾಯಿಲೆಕ್ಕದಲ್ಲಿ ಅದನ್ನು ಹೊಂದಿಸಬೇಕಾಗುತ್ತದೆ. ಈ ಲೆಕ್ಕದಲ್ಲಿ ಅವರಷ್ಟು ಪಳಗಿದವರು ಬ್ಯಾಂಕುಗಳಲ್ಲೂ ಇಲ್ಲವೆಂದೇ ನನ್ನ ಅನಿಸಿಕೆ.

ಕೊಡುಗೆ ಯಾವಾಗ ಬೇಡಿಕೆಯಾಗುತ್ತದೆ ಎಂಬುದು ಇದಕ್ಕಿಂತ ಹಳೆಯ ಪ್ರಶ್ನೆ. ವಿಜಯನಗರದ ಎರಡನೆಯ ದೇವರಾಯನ ಕಾಲದಲ್ಲಿ, ಶಕ 1347ರಲ್ಲಿ, ಅಂದರೆ 1425ರ ಸುಮಾರಿಗೆ, ಇಂದಿನ ವೆಲ್ಲೂರಿನ ಬಳಿಯ ವಿರಿಂಚಿಪುರದ ದೇವಾಲಯದಲ್ಲಿ ಒಂದು ಶಾಸನ ಹಾಕಿಸಲಾಯಿತು. ಪಡೈವೀಡು ರಾಜ್ಯದ ಬ್ರಾಹ್ಮಣರು, ಅವರಲ್ಲಿ ಕನ್ನಡಿಗರು, ತಮಿಳರು, ತೆಲುಗರು, ಲಾಟರು ಎಲ್ಲರೂ ಸೇರಿ, ಇನ್ನು ಮುಂದೆ ಮದುವೆಯನ್ನು ಕನ್ಯಾದಾನವಾಗಿಯೇ ಮಾಡತಕ್ಕದ್ದು, ಚಿನ್ನ ಪಡೆದು ಮಗಳನ್ನು ಕೊಟ್ಟವರೂ ಚಿನ್ನ ಕೊಟ್ಟು ಮದುವೆಯಾದವರೂ ರಾಜದಂಡನೆಗೆ ಗುರಿಯಾಗತಕ್ಕದ್ದು ಎಂದು ಒಪ್ಪಂದ ಮಾಡಿಕೊಂಡರು. ಅಂದು ತಡೆಯಬೇಕಾಗಿದ್ದದ್ದು ವಧುದಕ್ಷಿಣೆ, ಇಂದು ವರದಕ್ಷಿಣೆ. ದಿಕ್ಕು ಬದಲಾಗಿದೆ, ರೋಗ ಅದೇ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಕೂಡ ಉಡುಗೊರೆಯನ್ನು ನಿಷೇಧಿಸಲಿಲ್ಲ. ಬೇಡಿಕೆಯಿಲ್ಲದೆ ಬಂದದ್ದಾಗಿರಬೇಕು ಮತ್ತು ಅದರ ಪಟ್ಟಿ ಇರಬೇಕು ಎಂಬುದು ಕಾಯಿದೆಯ ನಿಲುವು. 1985ರ ನಿಯಮಗಳು ಆ ಪಟ್ಟಿಯ ಸ್ವರೂಪವನ್ನೇ ಹೇಳುತ್ತವೆ. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರ ಹೆಸರೇನು, ನಂಟರಾದರೆ ಯಾವ ಸಂಬಂಧ, ಕೊನೆಗೆ ವಧೂವರರಿಬ್ಬರ ಸಹಿ. ಸರ್ಕಾರವೂ ಒಂದು ಮುಯ್ಯಿ ಪುಸ್ತಕ ಇಡಿ ಎಂದೇ ಹೇಳಿದಂತಾಯಿತು! ಅದನ್ನು ಪಾಲಿಸುವವರು ಎಷ್ಟು ಜನ ಎಂದು ಓದುಗರು ತಮ್ಮ ತಮ್ಮ ಮನೆಗಳಲ್ಲೇ ವಿಚಾರಿಸಿಕೊಳ್ಳಬಹುದು.

ಆದರೆ ಆ ಎರಡು ಪುಸ್ತಕಗಳಿಗೂ ಒಂದು ಕಡೆ ಹೊಂದುವುದಿಲ್ಲ. ಮೇಷ್ಟರ ಮನೆಯ ಎರಡನೆಯ ಜಗಳ ಇರುವುದು ಅಲ್ಲಿಯೇ. ಮುಯ್ಯಿ ಪುಸ್ತಕದ ದೃಷ್ಟಿಯಲ್ಲಿ ಕೊಡುವುದು ಮನೆ, ಪಡೆಯುವುದು ಮನೆ. ಮದುವೆ ಯಾರದೇ ಆಗಲಿ, ಬಂದ ಮುಯ್ಯಿ ಯಜಮಾನನ ಕೈಗೆ. ಹಿಂದಿರುಗಿಸುವ ಹೊಣೆಯೂ ಅವನದೇ. ಕಾನೂನು ಮನೆಯನ್ನು ಗುರುತಿಸುವುದಿಲ್ಲ, ವ್ಯಕ್ತಿಯನ್ನು ಗುರುತಿಸುತ್ತದೆ. ವಧುವಿಗೆ ಬಂದದ್ದು ವಧುವಿನದು. ಸ್ತ್ರೀಧನದ ಮೇಲೆ ಹೆಣ್ಣಿಗೆ ಪೂರ್ಣ ಹಕ್ಕಿದೆಯೆಂದು ಸುಪ್ರೀಂ ಕೋರ್ಟು 1985ರಲ್ಲಿ ಸ್ಪಷ್ಟಪಡಿಸಿತು. ಆದಾಯ ತೆರಿಗೆಯವರೂ ಹಾಗೆಯೇ. ನಂಟರಲ್ಲದವರಿಂದ ವರ್ಷಕ್ಕೆ ಐವತ್ತು ಸಾವಿರಕ್ಕಿಂತ ಹೆಚ್ಚು ಕೊಡುಗೆ ಪಡೆದರೆ ತೆರಿಗೆಯುಂಟು. ಮದುವೆಯ ಉಡುಗೊರೆಗೆ ಮಾತ್ರ ವಿನಾಯಿತಿ. ಆ ವಿನಾಯಿತಿ ಮದುವೆಯಾಗುವ ಗಂಡು ಹೆಣ್ಣಿಗೇ ಹೊರತು ತಂದೆತಾಯಿಗಲ್ಲ. ಹೀಗಾಗಿ ಮೊಬೈಲಿಗೆ ಬಂದ ಹಣ ತನ್ನದು ಎಂದ ಮಗ ಕಾನೂನಿನ ಮಾತಾಡಿದ. ಇಷ್ಟು ವರ್ಷ ಹಾಕಿದ್ದು ನಾನು ಎಂದ ತಂದೆ ಪುಸ್ತಕದ ಮಾತಾಡಿದರು. ಇಬ್ಬರೂ ಸರಿ. ಆದರೂ ಮುಂದಿನ ಮುಯ್ಯಿಗಳನ್ನು ಯಾರು ಹಾಕುತ್ತಾರೆ ಎಂದು ತಂದೆ ಕೇಳಿದಾಗ ಮಗನ ಬಳಿ ಉತ್ತರವಿರಲಿಲ್ಲ. ಆಸ್ತಿ ಕೈ ಬದಲಾಯಿಸಿತ್ತು, ಬಾಕಿ ಮಾತ್ರ ಹಳೆಯ ಮನೆಯಲ್ಲೇ ಉಳಿದಿತ್ತು.

ಊರು ಬಿಟ್ಟು ದೂರದಲ್ಲಿ ಮದುವೆ ಮಾಡುವುದು ನಮಗೆ ಹೊಸದಲ್ಲ. ತಿರುಪತಿಯಲ್ಲಿ, ಧರ್ಮಸ್ಥಳದಲ್ಲಿ, ಘಾಟಿ ಸುಬ್ರಹ್ಮಣ್ಯದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ತಾಳಿ ಕಟ್ಟಿಸಿಕೊಂಡು ಬಂದ ದಂಪತಿಗಳು ಎಲ್ಲ ಬಳಗದಲ್ಲೂ ಸಿಗುತ್ತಾರೆ. ಹರಕೆ ಇದ್ದವರು, ಕೈಯಲ್ಲಿ ಕಾಸಿಲ್ಲದವರು ಹೀಗೆ ಮಾಡುತ್ತಿದ್ದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳೇ ನಡೆಯುತ್ತಿವೆ. ಇನ್ನು ಆಡಂಬರವೇ ಬೇಡವೆಂದು ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದ ದಾರಿಯೂ ಉಂಟು. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ಆದದ್ದು ಹಾಗೆಯೇ.

ದೇವಸ್ಥಾನದ ಮದುವೆಗೆ ಹೋಗುತ್ತಿದ್ದವರು ಇಪ್ಪತ್ತು ಮೂವತ್ತು ಜನ. ಉಳಿದವರು ಮುನಿಸಿಕೊಳ್ಳುತ್ತಿದ್ದರೆ? ಇಲ್ಲ. ಏಕೆಂದರೆ ತಾಳಿ ಕಟ್ಟುವುದು ಬೆಟ್ಟದ ಮೇಲೆ, ಊಟ ಊರಿನಲ್ಲಿ. ಹಿಂದಿರುಗಿದ ಮೇಲೆ ಆರತಕ್ಷತೆಯೋ ಬೀಗರೂಟವೋ ಇದ್ದೇ ಇರುತ್ತಿತ್ತು. ಮುಯ್ಯಿ ಮೇಜು ಬೆಟ್ಟಕ್ಕೆ ಹೋಗುತ್ತಿರಲಿಲ್ಲ, ಊರಿನ ಚಪ್ಪರದಲ್ಲಿ ಕಾಯುತ್ತಿತ್ತು. ಪ್ರಯಾಣ ಮಾಡಿದವರು ದೇವರ ದರ್ಶನದ ಲಾಭ ಪಡೆದರು. ಮಾಡದವರು ಊಟಕ್ಕೆ ಬಂದರು. ಪ್ರಯಾಣದ ಖರ್ಚನ್ನೂ ಮುಯ್ಯಿಯನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗುವ ಪ್ರಸಂಗ ಯಾರಿಗೂ ಬರಲಿಲ್ಲ.

ಇಂದಿನ 'ಡೆಸ್ಟಿನೇಷನ್ ವೆಡ್ಡಿಂಗ್' ಈ ಎರಡನೆಯ ಭಾಗವನ್ನು ಕೈಬಿಟ್ಟಿದೆ. ಉದಯಪುರವಾಗಲಿ, ಗೋಕರ್ಣವಾಗಲಿ, ಬಾಲಿಯಾಗಲಿ, ಎರಡು ಮೂರು ದಿನದ ಸಂಭ್ರಮ ಅಲ್ಲಿಯೇ ಮುಗಿಯುತ್ತದೆ. 2023ರ ನವೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ತಮ್ಮ ಬಾನುಲಿ ಭಾಷಣದಲ್ಲಿ ವಿದೇಶದಲ್ಲಿ ಮದುವೆ ಮಾಡುವ ಪ್ರವೃತ್ತಿಯನ್ನು ಪ್ರಸ್ತಾಪಿಸಿ, ದೇಶದ ನೆಲದಲ್ಲೇ ಮಾಡಿ ಎಂದು ಕೇಳಿಕೊಂಡರು. ಹಣ ಹೊರಗೆ ಹೋಗುತ್ತದೆಂಬುದು ಅವರ ಚಿಂತೆ. ಅಷ್ಟು ದೂರ ಹೋಗಬೇಕಾಗಿಲ್ಲ. ಹಣ ಸಕಲೇಶಪುರದ ರೆಸಾರ್ಟಿನಲ್ಲೇ ಖರ್ಚಾದರೂ ಮುಯ್ಯಿ ಪುಸ್ತಕಕ್ಕೆ ಅದು ವಿದೇಶವೇ.

ಏಕೆಂದರೆ ಇಲ್ಲಿ ಖರ್ಚಿನ ದಾರಿಯೇ ಬದಲಾಗಿದೆ. ಸೋದರಮಾವನ ಮಗಳು ಹೇಳಿದ್ದು ತಪ್ಪೇನಲ್ಲ. ನಾಲ್ಕು ಟಿಕೆಟ್ಟಿಗೆ ಕೊಟ್ಟ ದುಡ್ಡು ಅತಿಥಿಯ ಜೇಬಿನಿಂದ ಹೋದದ್ದೇ. ಆದರೆ ಅದು ತಲುಪಿದ್ದು ವಿಮಾನ ಕಂಪನಿಯನ್ನು, ಮದುವೆ ಮನೆಯನ್ನಲ್ಲ. ಮದುವೆ ಮನೆಯವರ ಬಳಿ ಅದಕ್ಕೆ ಲೆಕ್ಕವಿಲ್ಲ, ನಾಳೆ ಅವರು ಹಿಂದಿರುಗಿಸುವಂತೆಯೂ ಇಲ್ಲ. ಇತ್ತ ಮದುವೆ ಮನೆಯವರು ಒಂದೊಂದು ಕೋಣೆಗೆ ತೆತ್ತ ಬಾಡಿಗೆ ಯಾವ ಕವರಿನಿಂದಲೂ ತುಂಬುವಂಥದ್ದಲ್ಲ. ಬಂದವರು ನಾವು ಇಷ್ಟು ಖರ್ಚು ಮಾಡಿ ಬಂದೆವು ಎನ್ನುತ್ತಾರೆ. ಕರೆದವರು ನಾವು ಇಷ್ಟು ಖರ್ಚು ಮಾಡಿ ಕರೆದೆವು ಎನ್ನುತ್ತಾರೆ. ಇಬ್ಬರೂ ಕೊಟ್ಟಿದ್ದಾರೆ, ಯಾರೂ ಪಡೆದಿಲ್ಲ! ಇಂಥ ವಿಚಿತ್ರ ಲೆಕ್ಕ ಹಳೆಯ ಪುಸ್ತಕದಲ್ಲಿ ಎಂದೂ ಬಂದಿರಲಿಲ್ಲ. ಹಾಗಾದರೆ ದೂರದ ಮದುವೆಗೆ ಹೋದವರು ಉಡುಗೊರೆ ಕೊಡಬೇಕೆ? ನನ್ನ ಮಟ್ಟಿಗೆ, ಬೇಡವೆಂದು ಹೇಳಿ ಕರೆದವರು ಬರಿಗೈಯನ್ನು ಗಮನಿಸಬಾರದು. ಗಮನಿಸುವುದಾದರೆ ಆ ಸಾಲನ್ನು ಅಚ್ಚು ಹಾಕಿಸಬಾರದು. ಸೋದರಮಾವನಂಥ ಹತ್ತಿರದವರ ವಿಷಯ ಬೇರೆ. ಆ ಉಂಗುರ ಮುಯ್ಯಿಯಲ್ಲ, ನಿಜವಾದ ಉಡುಗೊರೆ. ಅದನ್ನು ಕೊಡದಂತೆ ತಡೆಯುವ ಅಧಿಕಾರ ಮಗಳಿಗೂ ಇಲ್ಲ, ಕರೆಯೋಲೆಗೂ ಇಲ್ಲ.

ಹೋಗದೇ ಉಳಿದವರ ವಿಚಾರ ಇದಕ್ಕಿಂತ ಸೂಕ್ಷ್ಮ. ಮೇಷ್ಟರ ಟ್ರಂಕಿನಲ್ಲಿ ಅವರ ಮದುವೆಯದು, ತಂಗಿಯದು, ಅವರ ಹಿರಿಯ ಮಗಳದು, ಹೀಗೆ ಮೂರು ಪುಸ್ತಕಗಳಿದ್ದವು. ಎಲ್ಲ ಸೇರಿ ನಾನೂರಕ್ಕೂ ಮೇಲ್ಪಟ್ಟ ಹೆಸರು. ಅವರಲ್ಲಿ ಬಹಳ ಮಂದಿಯ ಮನೆಯ ಮದುವೆಗಳಿಗೆ ಮೇಷ್ಟರು ಹೋಗಿ ಮುಯ್ಯಿ ಹಾಕಿ ಬಂದಿದ್ದಾರೆ. ಅಂದರೆ ಆ ಮನೆಗಳವರೆಲ್ಲ ಈ ಮನೆಯ ಬಾಕಿದಾರರು. ಗೋವಾದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕರೆಯದೆ ಇದ್ದುದರಿಂದ ಅವರಿಗೆ ಉಳಿತಾಯವೇ ಆಯಿತಲ್ಲ ಎಂದು ಮಗ ನಕ್ಕ. ಹಳ್ಳಿಯಲ್ಲಿ ಯಾರಿಗೂ ಹಾಗೆನಿಸಲಿಲ್ಲ. ಊರಿಗೆ ಹೋದಾಗ ಮೇಷ್ಟರಿಗೆ ಅರಳಿಕಟ್ಟೆಯಲ್ಲಿ ಕುಳಿತವರು ಕೇಳಿದ್ದು ಊಟದ ವಿಚಾರವಲ್ಲ. "ನಮ್ ಬಾಕಿ ನಿಮಗೆ ಬೇಡ್ವಾಯ್ತಾ ಮೇಷ್ಟ್ರೇ?" ಎಂದಂತೆ.

ಬಾಕಿ ತೀರಿಸುವ ಅವಕಾಶವೇ ಇಲ್ಲದಂತಾಗುವುದು ಎಂಥ ಅವಮಾನವೆಂಬುದನ್ನು ಕೈತುಂಬ ಸಂಬಳ ತರುವವರಿಗೆ ತಿಳಿಸುವುದು ಕಷ್ಟ. ಮುಯ್ಯಿ ಹಾಕುವಾಗ ಬಡವನೂ ಸಾಹುಕಾರನ ಪುಸ್ತಕದಲ್ಲಿ ಒಂದು ಸಾಲು ಪಡೆಯುತ್ತಾನೆ. ಐವತ್ತೊಂದೇ ಇರಲಿ, ಅವನ ಹೆಸರು, ತಂದೆಯ ಹೆಸರು ಅಲ್ಲಿರುತ್ತದೆ. ನಾವು ಯಾರಿಂದಲೂ ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಔದಾರ್ಯದಂತೆ ಕೇಳಿಸಿದರೂ, ಇನ್ನು ಮೇಲೆ ನಿಮಗೂ ನಮಗೂ ಕೊಡುವುದು ತೆಗೆದುಕೊಳ್ಳುವುದು ಇಲ್ಲ ಎಂಬ ಅರ್ಥವನ್ನೂ ಕೊಡುತ್ತದೆ. ಒಬ್ಬರೇ ಕುಳಿತು ಇಬ್ಬರ ಲೆಕ್ಕವನ್ನು ಮುಚ್ಚಿದಂತೆ. ಅದರ ಬಗ್ಗೆ ದೂರು ಕೊಡಲು ಯಾವ ಕಚೇರಿಯೂ ಇಲ್ಲ.

ಕೋವಿಡ್ ಕಾಲದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. 2020ರಲ್ಲಿ ಮದುವೆಗೆ ಐವತ್ತು ಜನರ ಮಿತಿ ಬಂದಾಗ ಕರೆಯದಿದ್ದುದಕ್ಕೆ ಯಾರೂ ಮುನಿಯಲಿಲ್ಲ. ಕಾರಣ ಎಲ್ಲರ ಕಣ್ಣ ಮುಂದಿತ್ತು. ಆದರೂ ಮುಯ್ಯಿ ನಿಲ್ಲಲಿಲ್ಲ. 2021ರ ಜನವರಿಯಲ್ಲಿ ಮಧುರೈನ ಕುಟುಂಬವೊಂದು ಕರೆಯೋಲೆಯ ಮೇಲೆ ಹಣ ಕಳಿಸುವ ಕ್ಯೂಆರ್ ಕೋಡನ್ನೇ ಅಚ್ಚು ಹಾಕಿಸಿದ್ದು ಸುದ್ದಿಯಾಯಿತು. ನಕ್ಕವರು ಬಹಳ ಮಂದಿ. ನನಗೇನೋ ಅದು 'ಆಶೀರ್ವಾದವೇ ಉಡುಗೊರೆ' ಎಂಬ ಸಾಲಿಗಿಂತ ಪ್ರಾಮಾಣಿಕವೆಂದು ತೋರಿತು. ಬರಲಾಗದವರಿಗೂ ಆ ಮನೆ ಒಂದು ಬಾಗಿಲು ತೆರೆದಿಟ್ಟಿತ್ತು. ಬರಲೇಬೇಕೆಂದು ಕರೆದು ಜೊತೆಗೆ ಕೋಡನ್ನೂ ಹಾಕಿದರೆ ಮಾತ್ರ ಅದು ಬೇಡಿಕೆಯೇ ಆಗುತ್ತದೆ. ವಿರಿಂಚಿಪುರದ ಶಾಸನದವರು ಒಪ್ಪುತ್ತಿರಲಿಲ್ಲ.

ಅತ್ತು ಹೋದ ಅತ್ತೆ ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಕವರಿರಲಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಮೇಲೆ ಐದು ಸಾವಿರದ ಒಂದು ರೂಪಾಯಿ ಇಟ್ಟುಕೊಂಡು ಬಂದಿದ್ದರು. ಸೋದರಳಿಯ ಮತ್ತೆ ಕೈ ಅಡ್ಡ ಹಿಡಿದ. ಆಕೆ ಹೇಳಿದ್ದಿಷ್ಟು. "ನೋಡಪ್ಪ, ತೊಂಬತ್ತಾರನೇ ಇಸವೀಲಿ ನನ್ ಮಗಳ ಮದ್ವೇಲಿ ನಿಮ್ಮಪ್ಪ ಇನ್ನೂರೈವತ್ತೊಂದು ಬರೆಸಿದ್ದ. ಆವತ್ತು ಅಷ್ಟಕ್ಕೆ ಅರ್ಧ ಗ್ರಾಂ ಚಿನ್ನ ಬರೋದು. ಇವತ್ತಿನ ಅರ್ಧ ಗ್ರಾಂ ತಂದಿದೀನಿ. ನೀನು ಬೇಡ ಅಂದ್ರೆ ನಾನು ಸತ್ತ ಮೇಲೂ ನಿಮ್ಮನೆ ಬಾಕೀಲೇ ಇರಬೇಕಾ?"

ಹುಡುಗ ತಟ್ಟೆಗೆ ಕೈ ಹಚ್ಚಿದ. ಸೊಸೆ ರವಿಕೆ ಕಣ ತೆಗೆದುಕೊಂಡು ಕಾಲಿಗೆ ನಮಸ್ಕರಿಸಿದಳು. ಮೇಷ್ಟರು ಟ್ರಂಕಿನಿಂದ ಹಿರಿಯ ಮಗಳ ಮದುವೆಯ ಪುಸ್ತಕ ತೆಗೆದು, ಖಾಲಿ ಉಳಿದಿದ್ದ ಪುಟದಲ್ಲಿ ಮಗನ ಹೆಸರು ಬರೆದು, ಕೆಳಗೆ ತಂಗಿಯ ಊರು, ಹೆಸರು, ಮೊತ್ತ ಬರೆದರು. ಮಗ ಪುಸ್ತಕವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಪುಟ ತಿರುವಿದನಂತೆ. ಕೆರೆ ಏರಿ ಮನೆಯವರೆಂದರೆ ಯಾರು, ಈ ಒಂದು ಕುಂಬಳಕಾಯಿ ಕೊಟ್ಟವರು ಈಗ ಇದ್ದಾರೆಯೆ ಎಂದೆಲ್ಲ ಕೇಳಿದನಂತೆ.

ಬರುವ ಮಾಘದಲ್ಲಿ ಊರಿನಲ್ಲಿ ಒಂದು ಊಟ ಹಾಕುವುದೆಂದು ನಿಶ್ಚಯವಾಗಿದೆ. ಮುನ್ನೂರು ಎಲೆಯ ಅಂದಾಜು. ಕರೆಯೋಲೆ ಈ ಸಲ ಕಾಗದದಲ್ಲೇ ಅಚ್ಚಾಗುತ್ತಿದೆ. ಕೊನೆಯ ಆ ಸಾಲನ್ನು ಮೇಷ್ಟರು ಹೊಡೆದುಹಾಕಿಸಿದ್ದಾರೆ. ಮುಯ್ಯಿ ಮೇಜಿನ ಮುಂದೆ ಯಾರನ್ನು ಕೂರಿಸುವುದು, ಬಂದ ಹಣ ಯಾರ ಕೈಗೆ ಎಂಬ ವಿಷಯದಲ್ಲಿ ಮಾತ್ರ ತಂದೆ ಮಗನ ನಡುವೆ ಇನ್ನೂ ಮಾತುಕತೆ ನಡೆಯುತ್ತಿದೆ.